ನೀರು ಯಾಕೆ ಬಂದಿಲ್ಲ ಅಂತ ಕೇಳೋದು ಸುದ್ದೀನಾ? ಬೂದಿಕೋಟೆಯ ನಮ್ಮ ಧ್ವನಿ: ಒಂದು ಪ್ರಕರಣ ಅಧ್ಯಯನ

ಬೆಳಿಗ್ಗೆ ಆರೂವರೆಗೆ ನಮ್ಮ ಕಡೆ ಯಾವುದೇ ಊರಿನ ಹಾಲಿನ ಡೇರಿ ಮುಂದೆ ಹೋಗಿ ನಿಂತ್ಕೊಳ್ಳಿ. ಕ್ಯಾನು ಹಿಡ್ಕೊಂಡು ಕ್ಯೂ ನಿಂತಿರ್ತಾರೆ, ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡ್ತಾ ಇರ್ತಾರೆ, ಅದರ ಮಧ್ಯದಲ್ಲೇ ಯಾರ ಬೋರು ಕೈ ಕೊಡ್ತು, ಟೊಮೇಟೊ ಬಾಕ್ಸು ನಿನ್ನೆ ಎಷ್ಟಕ್ಕೆ ಹೋಯ್ತು, ಯಾವ ಬೀದಿಗೆ ಎಷ್ಟು ದಿನದಿಂದ ನೀರಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದ್ದಕ್ಕೆ ಲೈನ್‌ಮ್ಯಾನ್ ಏನಂದ, ಎಲ್ಲಾ ಓಡಾಡಿ ಆಗಿರುತ್ತೆ. ನಾನು ಎರಡು ವರ್ಷ ಒಂದು ಸಮುದಾಯ ರೇಡಿಯೋದಲ್ಲಿ, ಅಂದ್ರೆ ಸುತ್ತಲಿನ ಊರಿನವರಿಗೋಸ್ಕರಾನೇ ನಡೆಯೋ ಸಣ್ಣ ರೇಡಿಯೋದಲ್ಲಿ, ಬೆಳಗಿನ ಕಾರ್ಯಕ್ರಮ ಮಾಡಿದ್ದೀನಿ, ಏಳರಿಂದ ಎಂಟು. ಆ ಕ್ಯೂನಲ್ಲಿ ಜನ ಮಾತಾಡೋ ವಿಷಯ ನನ್ನ ಮೈಕಿನ ಮುಂದೆ ಮಾತಾಡೋಕೆ ಆಗ್ತಾ ಇರಲಿಲ್ಲ. ಅದು ಯಾಕೆ ಅಂತ ಅರ್ಥ ಮಾಡ್ಕೊಳ್ಳೋಕೆ ಹೊರಟಾಗ ನಾನು ಬಂದು ನಿಂತಿದ್ದು ಬೂದಿಕೋಟೆಯ ನಮ್ಮ ಧ್ವನಿ ರೇಡಿಯೋ ಕಥೆ ಹತ್ರ.

ಬೂದಿಕೋಟೆ ಅಂದ್ರೆ ಕೋಲಾರ ಜಿಲ್ಲೆ ಬಂಗಾರಪೇಟೆ ತಾಲೂಕು. ಹೈದರ್ ಅಲಿ ಹುಟ್ಟಿದ ಊರು ಅಂತ ಶಾಲೆ ಪುಸ್ತಕದಲ್ಲಿ ಓದಿರ್ತೀರ. ಆಂಧ್ರ, ತಮಿಳುನಾಡು ಎರಡೂ ಗಡಿ ಹತ್ರ ಇರೋದ್ರಿಂದ ಒಂದೇ ಬೀದೀಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳುತ್ತೆ, ಮನೇಲಿ ಒಂದು ಭಾಷೆ, ಅಂಗಡೀಲಿ ಇನ್ನೊಂದು. ಪಕ್ಕದಲ್ಲೇ ಮಾರ್ಕಂಡೇಯ ನದಿ, ಅದಕ್ಕೊಂದು ಹಳೇ ಡ್ಯಾಮು. ನದಿ ಅಂತ ಹೆಸರಿಗೆ, ನಮ್ಮ ಜಿಲ್ಲೇಲಿ ವರ್ಷ ಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ. ಕೆರೆ ನಂಬ್ಕೊಂಡು ಬದುಕಿದ ಊರುಗಳು, ಆಮೇಲೆ ಬೋರ್‌ವೆಲ್ ನಂಬ್ಕೊಂಡವು, ಬೋರು ಸಾವಿರ ಅಡಿ ದಾಟಿದ ಮೇಲೆ ಬರೋ ನೀರಲ್ಲಿ ಫ್ಲೋರೈಡು. ಇಲ್ಲಿ ಯಾರ ಮನೆ ಬಾಗಿಲಲ್ಲಿ ನಿಂತು ಏನಮ್ಮಾ ಸುದ್ದಿ ಅಂತ ಕೇಳಿದ್ರೂ ಮೊದಲು ಬರೋ ಮಾತು ನೀರಿಂದು. ಇದನ್ನ ಮನಸ್ಸಲ್ಲಿ ಇಟ್ಕೊಂಡು ಮುಂದೆ ಓದಿ.

2001ರಲ್ಲಿ ಈ ತಾಲೂಕಲ್ಲಿ ಎರಡು ಸಂಗತಿ ಆಯ್ತು. ಫೆಬ್ರವರಿ ಕೊನೇಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ರು, ದೇಶಕ್ಕೆಲ್ಲಾ ಗೊತ್ತಾಯ್ತು, ಪೇಪರಲ್ಲೆಲ್ಲಾ ಬಂತು. ಅದೇ ವರ್ಷ ಬೂದಿಕೋಟೇಲಿ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ಶುರುವಾಯ್ತು, ಹೆಸರು ನಮ್ಮ ಧ್ವನಿ. ಹಿಂದೆ ನಿಂತಿದ್ದು ಹಳ್ಳಿಗಳಲ್ಲಿ ಕೆಲಸ ಮಾಡೋ ಮೈರಾಡ ಸಂಸ್ಥೆ, ಮಾಧ್ಯಮದ ಕೆಲಸ ಮಾಡೋ ಬೆಂಗಳೂರಿನ ವಾಯ್ಸಸ್ ಅನ್ನೋ ಸಂಸ್ಥೆ, ಜೊತೆಗೆ ಯುನೆಸ್ಕೋ ನೆರವು. ಮೈರಾಡದವರು ಅಷ್ಟೊತ್ತಿಗೆ ಸುತ್ತಮುತ್ತ ಊರುಗಳಲ್ಲಿ ಎಷ್ಟೋ ವರ್ಷದಿಂದ ಮಹಿಳಾ ಸಂಘಗಳನ್ನ ಕಟ್ಟಿದ್ರು, ಹಾಗಾಗಿ ರೇಡಿಯೋ ಬರೋಕೆ ಮುಂಚೇನೇ ಅಲ್ಲಿ ಕೂತು ಮಾತಾಡೋ ಅಭ್ಯಾಸ ಇತ್ತು. ವಾರಕ್ಕೊಂದು ಸಲ ಸಂಘದ ಮೀಟಿಂಗು, ಉಳಿತಾಯ, ಸಾಲ, ಪುಸ್ತಕ ಬರೆಯೋದು, ಒಬ್ಬರು ಮಾತಾಡುವಾಗ ಉಳಿದವರು ಕೇಳೋದು. ಈ ಅಂಶಾನ ಜಾಸ್ತಿ ಜನ ಹೇಳಲ್ಲ, ಮೈಕು ಟ್ರಾನ್ಸ್‌ಮಿಟರ್ ಬಗ್ಗೇನೇ ಹೇಳ್ತಾರೆ. ನನ್ನ ಪ್ರಕಾರ ಮೈಕಿಗಿಂತ ಮುಂಚೆ ಬಂದಿದ್ದ ಆ ಸಂಘದ ಚಾಪೇನೇ ದೊಡ್ಡದು.

ಸ್ಟುಡಿಯೋ ಇತ್ತು ಆದ್ರೆ ರೇಡಿಯೋ ಇರಲಿಲ್ಲ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಇಡೋದು ಅಪರಾಧ, 1885ರ ಟೆಲಿಗ್ರಾಫ್ ಕಾಯ್ದೆ ಇನ್ನೂ ಜಾರೀಲಿತ್ತು. 1995ರ ಫೆಬ್ರವರಿ 9ಕ್ಕೆ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಕೇಸಲ್ಲಿ, ಗಾಳಿಯಲ್ಲಿ ಹೋಗೋ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರ ಒಂದೇ ಅದನ್ನ ಇಟ್ಕೊಂಡು ಕೂರೋ ಹಾಗಿಲ್ಲ ಅಂತ ಹೇಳಿತ್ತು, ಅದಾದ ಮರುವರ್ಷವೇ ಬೆಂಗಳೂರಲ್ಲಿ ಸಮುದಾಯ ರೇಡಿಯೋ ಬೇಕು ಅಂತ ಕೇಳ್ತಿದ್ದವರೆಲ್ಲಾ ಸೇರಿ ಒಂದು ಘೋಷಣೆ ಮಾಡಿದ್ರು, ಆದ್ರೂ ಹಳ್ಳಿಯವರಿಗೆ ಲೈಸೆನ್ಸ್ ಕೊಡೋ ನೀತಿ ಬರಲಿಲ್ಲ. ಬೂದಿಕೋಟೆಯವರು ಕಾಯ್ತಾ ಕೂರಲಿಲ್ಲ. ಮೊದಲು ಕ್ಯಾಸೆಟ್ಟಲ್ಲಿ ರೆಕಾರ್ಡ್ ಮಾಡಿ ಸಂತೆ ದಿನ ಸ್ಪೀಕರ್ ಇಟ್ಟು ಹಾಕಿದ್ರು, ಸಂಘದ ಮೀಟಿಂಗಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೇಳಿಸಿದ್ರು. ಆಮೇಲೆ ಊರಿನ ಕೇಬಲ್ ಟಿವಿ ಆಪರೇಟರ್ ಜೊತೆ ಮಾತಾಡಿ ಅದೇ ಕೇಬಲಲ್ಲಿ ಧ್ವನಿ ಕಳಿಸಿದ್ರು. ಟಿವಿ ಇರೋರ ಮನೇಲಿ ಒಂದು ಚಾನಲ್ ತಿರುಗಿಸಿದ್ರೆ ನಮ್ಮ ಧ್ವನಿ ಕೇಳ್ತಿತ್ತು. ಗಾಳೀಲಿ ಹೋಗಲ್ಲ, ತಂತೀಲಿ ಹೋಗುತ್ತೆ, ಹಾಗಾಗಿ ರೇಡಿಯೋ ಲೈಸೆನ್ಸ್ ಪ್ರಶ್ನೇನೇ ಬರಲ್ಲ. ಕೇಬಲ್‌ಗೆ 1995ರ ಬೇರೆ ಕಾಯ್ದೆ ಇತ್ತು, ಆಪರೇಟರ್ ಪೋಸ್ಟ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ್ರೆ ಸಾಕಿತ್ತು.

ತಂತಿ ಬಿಟ್ಟು ಗಾಳೀಗೆ ಹೋದವರ ಗತಿ ಏನಾಯ್ತು ಅನ್ನೋದಕ್ಕೆ ಬಿಹಾರದ ವೈಶಾಲಿ ಜಿಲ್ಲೆಯ ರಾಘವ್ ಎಫ್‌ಎಂ ಇದೆ. ರಿಪೇರಿ ಅಂಗಡಿ ಹುಡುಗ ತೀರಾ ಕಮ್ಮಿ ಖರ್ಚಲ್ಲಿ ತಾನೇ ಟ್ರಾನ್ಸ್‌ಮಿಟರ್ ಮಾಡಿ ಸುತ್ತಲಿನ ಹಳ್ಳಿಗೆಲ್ಲಾ ಕೇಳೋ ಹಾಗೆ ಮಾಡಿದ್ದ, ಜನ ಪ್ರೀತಿಯಿಂದ ಕೇಳ್ತಿದ್ರು, 2006ರಲ್ಲಿ ಅಧಿಕಾರಿಗಳು ಬಂದು ಮುಚ್ಚಿಸಿದ್ರು. ಓದಿದಾಗ ನಿಜವಾಗ್ಲೂ ಸಂಕಟ ಆಗಿತ್ತು ನನಗೆ.

ಈಗ ಮುಖ್ಯ ಘಟನೆ. ಕೇಬಲ್ ಶುರುವಾದ ಮೊದಲ ವರ್ಷಗಳಲ್ಲೇ ನಡೆದಿದ್ದು. ಊರಿಗೆ ನೀರು ಕೊಡೋ ಪೈಪ್ ಒಡೆದು ಕುಡಿಯೋ ನೀರು ನಿಂತೋಯ್ತು. ಹೆಂಗಸರು ಹೋಗಿ ಹೇಳಿದ್ರು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಆಗ ನಮ್ಮ ಧ್ವನಿಯ ಹುಡುಗರಲ್ಲಿ ಒಬ್ಬರು ರೆಕಾರ್ಡರ್ ತಗೊಂಡು ಆ ಹೆಂಗಸರ ಹತ್ರಾನೇ ಹೋದ್ರು, ಏನೇನು ಹೇಳ್ತಾರೋ ಅಷ್ಟೂ ರೆಕಾರ್ಡ್ ಮಾಡ್ಕೊಂಡ್ರು. ಆಮೇಲೆ ಸ್ಥಳೀಯ ಅಧಿಕಾರಿಯನ್ನ ಸ್ಟುಡಿಯೋಗೆ ಕರೆದು, ಇದಕ್ಕೆ ಏನು ಹೇಳ್ತೀರ ಸಾರ್ ಅಂತ ಕೇಳಿದ್ರು. ದೂರೂ ಉತ್ತರಾನೂ ಎರಡನ್ನೂ ಸೇರಿಸಿ ಕೇಬಲಲ್ಲಿ ಹಾಕಿದ್ರು. ಕೆಲವೇ ದಿನದಲ್ಲಿ ಪೈಪ್ ರಿಪೇರಿ ಆಯ್ತು, ನೀರು ಬಂತು.

ಇಷ್ಟೇ ಘಟನೆ. ನಮ್ಮ ಧ್ವನಿ ಬಗ್ಗೆ ಬರೆಯೋರು ಇದನ್ನ ಹೇಳಿ ರೇಡಿಯೋ ಶಕ್ತಿ ನೋಡಿ ಅಂತ ಮುಗಿಸಿಬಿಡ್ತಾರೆ. ನನಗೆ ಅಷ್ಟಕ್ಕೆ ಸಮಾಧಾನ ಇಲ್ಲ, ಯಾಕಂದ್ರೆ ಅದೇ ಅಧಿಕಾರಿ ಹತ್ರ ಅದೇ ಹೆಂಗಸರು ಮುಂಚೇನೂ ಅದೇ ಮಾತನ್ನೇ ಹೇಳಿದ್ರು, ಹೊಸದಾಗಿ ಒಂದಕ್ಷರ ಸೇರಿಲ್ಲ, ಆದ್ರೂ ಕೆಲಸ ಆಯ್ತು. ಏನು ಬದಲಾಯ್ತು?

ನಾನು ಮೈಕ್ ಮುಂದೆ ಕೂತವನು, ನನಗೆ ಕಾಣೋದು ಹೀಗೆ. ಆಫೀಸಲ್ಲಿ ಹೆಂಗಸು ಒಬ್ಬಳೇ ಹೋಗಿ ಹೇಳಿದಾಗ ಅದು ಅವಳ ಕಷ್ಟ. ಆಯ್ತಮ್ಮಾ ನೋಡ್ತೀನಿ ಅಂದ್ರೆ ಆ ಮಾತಿಗೆ ಸಾಕ್ಷಿ ಇಲ್ಲ, ಅವಳು ಮನೆಗೆ ಬಂದು ನೋಡ್ತೀನಿ ಅಂದ್ರು ಅಂತ ಹೇಳಿದ್ರೆ ಅತ್ತೇನೇ ನಂಬಲ್ಲ. ಕೇಬಲಲ್ಲಿ ಬಂದಾಗ ಅದೇ ಮಾತನ್ನ ಇಡೀ ಬೀದಿ ಒಂದೇ ಹೊತ್ತಲ್ಲಿ ಕೇಳ್ತು. ಕೇಳಿದವರಿಗೆಲ್ಲಾ ಮಾತಾಡಿದವರು ಗೊತ್ತು, ಉತ್ತರ ಕೊಟ್ಟವರೂ ಗೊತ್ತು, ಮಾರನೇ ದಿನ ಬಸ್ ಸ್ಟ್ಯಾಂಡಲ್ಲಿ ಸಿಗ್ತಾರೆ. ಸಾರ್, ನಿನ್ನೆ ಹೇಳಿದ್ರಲ್ಲಾ ಮಾಡಿಸ್ತೀನಿ ಅಂತ, ಯಾವತ್ತು ಸಾರ್ ಅಂತ ಟೀ ಅಂಗಡಿಯವನೂ ಕೇಳಬಹುದು. ಬೆಂಗಳೂರಿನ ದೊಡ್ಡ ಚಾನಲಲ್ಲಿ ಬಂದಿದ್ರೆ ರಾಜ್ಯ ಪೂರ್ತಿ ಒಂದು ನಿಮಿಷ ನೋಡಿ ಮರೆತುಬಿಡ್ತಿತ್ತು, ಕೇಬಲ್ ಆ ಊರನ್ನ ದಾಟಿ ಹೋಗಲ್ಲ, ಅದು ಚಿಕ್ಕದಾಗಿದ್ದೇ ಅದರ ಬಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಇನ್ನೊಂದು ವಿಷಯ ಇನ್ನೂ ಮುಖ್ಯ. ಅಧಿಕಾರಿಗೆ ಬೈದು ಒಂದು ಟೇಪ್ ಮಾಡಿ ಹಾಕಿಬಿಡೋದು ಸುಲಭ ಇತ್ತು. ಅವರು ಹಾಗೆ ಮಾಡದೆ ಕರೆದು ಕೂರಿಸಿ ಕೇಳಿದ್ರು. ಅಧಿಕಾರಿಗೂ ತನ್ನ ಕಡೆ ಮಾತು ಹೇಳೋ ಜಾಗ ಸಿಕ್ತು, ದುಡ್ಡು ಬಂದಿಲ್ಲ ಅಂತಾನೋ ಮೇಲಿಂದ ಆರ್ಡರ್ ಬೇಕು ಅಂತಾನೋ ಹೇಳೋದಾದ್ರೆ ಅದನ್ನೂ ಊರು ಕೇಳಲಿ. ನಾನು ನೋಡಿದ ಎಷ್ಟೋ ಪಂಚಾಯಿತಿ ಆಫೀಸಿನವರು ಕೆಟ್ಟವರೇನಲ್ಲ, ಅವರನ್ನ ಯಾರೂ ಸರಿಯಾಗಿ ಕೂರಿಸಿ ಕೇಳಿರಲ್ಲ ಅಷ್ಟೇ. ಬೈದ್ರೆ ಬಾಗಿಲು ಹಾಕ್ಕೊಳ್ತಾರೆ, ಕೇಳಿದ್ರೆ ಹೇಳ್ತಾರೆ, ಹೇಳಿದ ಮೇಲೆ ಮಾಡದೇ ಇರೋಕೆ ಮುಜುಗರ.

ತಂತಿಗೆ ಮಿತಿ ಇತ್ತು, ಅದನ್ನೂ ಹೇಳಬೇಕು. ಕರೆಂಟ್ ಹೋದ್ರೆ ಕೇಬಲ್ ಸತ್ತೋಗುತ್ತೆ, ಆಗ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಇರೋ ಹೊತ್ತಿಗಿಂತ ಇಲ್ಲದ ಹೊತ್ತೇ ಜಾಸ್ತಿ ಅನ್ನಿಸ್ತಿತ್ತು. ಟಿವಿ ಇಲ್ಲದವರು, ಕೇಬಲ್ ಎಳೆಸ್ಕೊಳ್ಳೋಕೆ ಆಗದವರು, ಊರಿಂದ ಆಚೆ ಇರೋ ಕಾಲೋನಿಯವರು ಕೇಳೋದು ಕಷ್ಟ. ನೀರು ಕೊನೆಗೆ ತಲುಪೋದೂ ಅವರಿಗೇ ನೋಡಿ, ಸುದ್ದಿ ಕೊನೆಗೆ ತಲುಪೋದೂ ಅವರಿಗೇ. ಅದಕ್ಕೇ ಎಲ್ಲರೂ ಗಾಳೀಲಿ ಹೋಗೋ ರೇಡಿಯೋ ಬೇಕು ಬೇಕು ಅಂತ ಕೇಳ್ತಿದ್ದಿದ್ದು, ಮೊಬೈಲಲ್ಲೋ ಸಣ್ಣ ಸೆಟ್ಟಲ್ಲೋ ಹೊಲದಲ್ಲೂ ಕೇಳಬಹುದು.

2002ರ ಕೊನೇಲಿ ಕಾಲೇಜು ಯೂನಿವರ್ಸಿಟಿಗಳಿಗೆ ಮಾತ್ರ ಅನುಮತಿ ಕೊಟ್ರು, 2004ರಲ್ಲಿ ಚೆನ್ನೈನ ಅಣ್ಣಾ ಎಫ್‌ಎಂ ಬಂತು. 2006ರ ನವೆಂಬರಲ್ಲಿ ಸಂಘಸಂಸ್ಥೆಗಳಿಗೂ ಕೊಡೋ ನೀತಿ ಬಂತು, 2008ರ ಅಕ್ಟೋಬರಲ್ಲಿ ಆಗಿನ ಮೆದಕ್ ಜಿಲ್ಲೆ ಮಾಚನೂರಲ್ಲಿ ದಲಿತ ಹೆಣ್ಣುಮಕ್ಕಳು ನಡೆಸೋ ಸಂಘಂ ರೇಡಿಯೋ ಶುರುವಾಯ್ತು. ನಮ್ಮ ಧ್ವನಿಯೂ ಆಮೇಲೆ ಎಫ್‌ಎಂಗೆ ಬಂತು. ನೂರು ವಾಟ್, ಆಂಟೆನಾ ಮೂವತ್ತು ಮೀಟರ್ ಮೀರಬಾರದು, ಸುತ್ತಲೂ ಸುಮಾರು ಹತ್ತು ಹದಿನೈದು ಕಿಲೋಮೀಟರ್ ದೂರ ಕೇಳುತ್ತೆ. ಹಳ್ಳಿಗಳಿಗೆ ಅಷ್ಟು ಸಾಕು.

ಆದ್ರೆ ಆ ಲೈಸೆನ್ಸ್ ಜೊತೆ ಒಂದು ಷರತ್ತು ಬಂತು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ಕಾರ್ಯಕ್ರಮ ಮಾಡಬಾರದು. ಆಕಾಶವಾಣಿ ಸುದ್ದೀನ ಒಂದಕ್ಷರ ಬದಲಾಯಿಸದೆ ಹಾಗೇ ಮರುಪ್ರಸಾರ ಮಾಡೋಕೆ ಆಮೇಲೆ ಅವಕಾಶ ಕೊಟ್ರು, ಜೊತೆಗೆ ಯಾವುದು ಸುದ್ದಿ ಲೆಕ್ಕಕ್ಕೆ ಬರಲ್ಲ ಅಂತ ಒಂದು ಪಟ್ಟೀನೂ ಮಾಡಿದ್ರು. ಹವಾಮಾನ, ಟ್ರಾಫಿಕ್ಕು, ಜಾತ್ರೆ ಹಬ್ಬ, ಪರೀಕ್ಷೆ ಫಲಿತಾಂಶ, ಕೆಲಸ ಖಾಲಿ ಇರೋದು ಇದೆಲ್ಲಾ ಹೇಳಬಹುದು. ಕರೆಂಟು, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ ಕೂಡ ಹೇಳಬಹುದು, ಸಾರ್ವಜನಿಕ ಪ್ರಕಟಣೆ ರೂಪದಲ್ಲಿ, ಸ್ಥಳೀಯ ಆಡಳಿತ ಕೊಟ್ಟ ಹಾಗೆ.

ಆ ಕೊನೇ ಮಾತನ್ನ ಇನ್ನೊಂದು ಸಲ ಓದಿ. ಸ್ಥಳೀಯ ಆಡಳಿತ ಕೊಟ್ಟ ಹಾಗೆ. ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೀರು ಬರಲ್ಲ ಅಂತ ಆಫೀಸಿಂದ ಚೀಟಿ ಬಂದ್ರೆ ನಾನು ಓದಬಹುದು. ಹದಿನೈದು ದಿನದಿಂದ ನೀರು ಬಂದಿಲ್ಲ ಯಾಕೆ ಅಂತ ಒಬ್ಬ ಹೆಂಗಸು ಕೇಳಿದ್ರೆ ಅದು ಏನು, ಪ್ರಕಟಣೆ ಅಂತೂ ಅಲ್ಲ, ಸುದ್ದೀನಾ, ಪ್ರಚಲಿತ ವಿದ್ಯಮಾನಾನಾ? ಬೂದಿಕೋಟೆ ಹೆಂಗಸರು ತಂತೀಲಿ ಮಾತಾಡಿದ್ದನ್ನೇ ಗಾಳೀಲಿ ಮಾತಾಡಬೇಕಾದ್ರೆ ಈಗ ಯೋಚಿಸಬೇಕು. ಅದೇ ತಾಲೂಕಿನ ಲೋಕಲ್ ಕೇಬಲ್ ಚಾನಲ್ ಸಾಯಂಕಾಲ ಊರ ಸುದ್ದಿ ಓದಬಹುದು, ನಾಲ್ಕು ಪುಟದ ವಾರಪತ್ರಿಕೆ ಏನು ಬೇಕಾದ್ರೂ ಬರೀಬಹುದು, ಓದೋಕೆ ಬರದವರಿಗೂ ಮುಟ್ಟೋ ರೇಡಿಯೋಗೆ ಮಾತ್ರ ಆಗಲ್ಲ. ನನಗೆ ಇದು ಅನ್ಯಾಯ ಅನ್ಸುತ್ತೆ, ನೇರವಾಗೇ ಹೇಳ್ತೀನಿ.

ನನ್ನ ಅನುಭವ ಇಲ್ಲಿ ಹೇಳಲೇಬೇಕು. ಒಂದು ಬೇಸಿಗೆ, ಏಪ್ರಿಲ್ ತಿಂಗಳು. ನಾನು ಹವಾಮಾನ ಓದಿ, ಮೋಡ ಕವಿದ ವಾತಾವರಣ, ಒಂದೆರಡು ಕಡೆ ಮಳೆ ಸಾಧ್ಯತೆ ಅಂತ ಹೇಳಿ ಫೋನ್ ಲೈನ್ ತೆಗೆದೆ. ಒಬ್ಬ ಅಜ್ಜಿ ಫೋನ್ ಮಾಡಿದ್ರು.

"ಏನಪ್ಪಾ, ದಿನಾ ಮಳೆ ಬರುತ್ತೆ ಬರುತ್ತೆ ಅಂತೀಯ, ನಮ್ ಬೀದಿ ನಲ್ಲೀಲಿ ಯಾವಾಗ ಬರುತ್ತೆ ಅದು ಹೇಳು ಮೊದ್ಲು."

"ಎಷ್ಟು ದಿನ ಆಯ್ತಜ್ಜಿ?"

"ಹನ್ನೊಂದು ದಿನ. ಸೊಸೆ ತೋಟದ ಬೋರಿಂದ ಹೊತ್ಕೊಂಡು ಬರ್ತಾಳೆ, ಬಸುರಿ ಅವಳು."

ಮುಂದೆ ಮಾತಾಡೋಕೆ ಬಿಡಲಿಲ್ಲ ನಾನು. ಆಯ್ತಜ್ಜಿ, ತಿಳ್ಕೊಂಡು ಹೇಳ್ತೀನಿ ಅಂತ ಹೇಳಿ ಹಾಡು ಹಾಕಿಬಿಟ್ಟೆ. ಗ್ಲಾಸ್ ಆಚೆ ನಮ್ಮ ರೇಡಿಯೋ ನೋಡ್ಕೊಳ್ಳೋ ಮೇಡಂ ಕೈ ಆಡಿಸ್ತಾ ಇದ್ರು, ಬೇಡ ಬೇಡ ಅಂತ. ಅವರದ್ದು ತಪ್ಪಲ್ಲ, ಲೈಸೆನ್ಸ್ ಇರೋದು ಅವರ ಸಂಸ್ಥೆ ಹೆಸರಲ್ಲಿ, ಪ್ರಸಾರ ಆಗಿದ್ದನ್ನೆಲ್ಲಾ ಮೂರು ತಿಂಗಳು ಇಟ್ಟಿರಬೇಕು, ಯಾರಾದ್ರೂ ದೂರು ಕೊಟ್ರೆ ತೆಗೆದು ಕೇಳಿಸಬೇಕು. ಎಂಟು ಗಂಟೆಗೆ ಕಾರ್ಯಕ್ರಮ ಮುಗಿಸಿ ಹೊರಗೆ ಬಂದು ಟೀ ಕುಡಿಯೋಕೆ ಆಗಲಿಲ್ಲ ನನಗೆ. ಆ ಬಸುರಿ ಹೆಣ್ಣುಮಗಳ ಬಗ್ಗೆ ಕೇಳೋಷ್ಟು ಹೊತ್ತೂ ಲೈನಲ್ಲಿ ಇಟ್ಕೊಳ್ಳಲಿಲ್ಲವಲ್ಲ ಅಂತ ಈಗಲೂ ನೋವಿದೆ.

ಆಗಲೇ ನಾನು ಬೂದಿಕೋಟೆ ವಿಷಯಾನ ಕೂತು ಓದಿದ್ದು, ಹಳಬರ ಹತ್ರ ಕೇಳಿದ್ದು. ಓದಿ ಮೇಡಂ ಹತ್ರ ಹೋಗಿ ಹೇಳಿದೆ, ಮೇಡಂ, ಅವರು ದೂರು ಮಾತ್ರ ಹಾಕಿರಲಿಲ್ಲ, ಅಧಿಕಾರೀನ ಕರೆದು ಕೂರಿಸಿದ್ರು, ಅಧಿಕಾರಿ ಹೇಳಿದ್ದು ಅಂದ್ರೆ ಅದು ಸ್ಥಳೀಯ ಆಡಳಿತ ಕೊಟ್ಟ ಮಾಹಿತಿ ತಾನೇ? ಮೇಡಂ ತುಂಬಾ ಹೊತ್ತು ಸುಮ್ನೆ ಕೂತಿದ್ರು, ಆಮೇಲೆ ಷರತ್ತಿನ ಪೇಪರ್ ತೆಗೆದು ಇಬ್ಬರೂ ಸೇರಿ ಮತ್ತೆ ಓದಿದ್ವಿ.

ಪಂಚಾಯಿತಿ ಅಧಿಕಾರಿ ಪಿಡಿಒಗೆ ಫೋನ್ ಮಾಡಿದ್ವಿ, ಅವತ್ತು ಮೀಟಿಂಗು, ಮಾರನೇ ದಿನ ಟ್ರೈನಿಂಗು, ಸಿಗಲಿಲ್ಲ. ಬಂಗಾರಪೇಟೆ ಕಡೆಯವರೊಬ್ಬರು ನಮ್ಮ ಜೊತೆ ಕೆಲಸ ಮಾಡ್ತಿದ್ರು, ಅವರೇ ಒಂದು ದಾರಿ ಹೇಳಿದ್ದು. ನೀರಿನ ವಿಷಯ ಪಿಡಿಒಗಿಂತ ಚೆನ್ನಾಗಿ ಗೊತ್ತಿರೋದು ಯಾರಿಗೆ ಅಂತ ಕೇಳಿದ್ರು. ನೀರಗಂಟಿಗೆ. ಹಿಂದೆ ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಡ್ತಿದ್ದವರು ನೀರಗಂಟಿ, ಈಗ ಟ್ಯಾಂಕಿನ ವಾಲ್ವ್ ತಿರುಗಿಸೋರಿಗೂ ನಮ್ಮ ಕಡೆ ಅದೇ ಹೆಸರು, ಕೆಲವರು ವಾಟರ್‌ಮ್ಯಾನ್ ಅಂತಾರೆ. ಅವರಿಗೆ ಸಂಬಳ ಕೊಡೋದು ಪಂಚಾಯಿತಿ. ಅಂದ್ಮೇಲೆ ಅವರೂ ಸ್ಥಳೀಯ ಆಡಳಿತವೇ.

ಹಾಗಾಗಿ ನಾವು ಮಾಡಿದ್ದು ಇಷ್ಟು. ಕೇಳುಗರ ಪ್ರಶ್ನೇನ ಹಿಂದಿನ ದಿನ ಸಂಜೆ ಅವರ ದನೀಲೇ ರೆಕಾರ್ಡ್ ಮಾಡ್ಕೊಳ್ಳೋದು, ಪಾರ್ಟಿ ಹೆಸರು, ಮೆಂಬರ್ ಹೆಸರು, ಬೈಗುಳ ಏನೂ ಇರಬಾರದು, ಬೀದಿ ಯಾವುದು, ಎಷ್ಟು ದಿನ ಆಯ್ತು, ಏನು ಬೇಕು ಅಷ್ಟೇ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ನೀರಗಂಟಿಗೆ ಫೋನ್, ಪ್ರಶ್ನೆ ಕೇಳಿಸೋದು, ಉತ್ತರ ಹಾಗೇ ಪ್ರಸಾರ. ಹೆಸರು ನೀರಿನ ಮಾಹಿತಿ ಅಂತ ಇಟ್ವಿ, ಸುದ್ದಿ ಅನ್ನೋ ಪದ ಎಲ್ಲೂ ಬಳಸಲಿಲ್ಲ. ಮೊದಲನೇ ದಿನ ಆ ಅಣ್ಣ ಹೆದರಿ ನಡುಗ್ತಾ ಮಾತಾಡಿದ್ರು, ಮೋಟರ್ ಸುಟ್ಟೋಗಿದೆ, ರಿವೈಂಡಿಂಗ್‌ಗೆ ಕೊಟ್ಟಿದ್ದಾರೆ, ಬರೋಕೆ ಇನ್ನೂ ಮೂರು ದಿನ ಅಂತ ಹೇಳಿದ್ರು. ಆ ಒಂದು ಮಾತನ್ನ ಅಷ್ಟು ದಿನದಿಂದ ಆ ಬೀದಿಯವರಿಗೆ ಯಾರೂ ಹೇಳಿರಲಿಲ್ಲ. ಅವತ್ತೇ ಮಧ್ಯಾಹ್ನ ಪಂಚಾಯಿತಿಯವರು ಟ್ಯಾಂಕರ್ ಕಳಿಸಿದ್ರು, ಮೋಟರ್ ಬರೋಕೆ ಮೂರು ದಿನದ ಬದಲು ಐದು ದಿನ ಆಯ್ತು, ಅದನ್ನೂ ಅವರೇ ಹೇಳಿದ್ರು.

ಈ ಷರತ್ತಿನ ಬಗ್ಗೆ ಮೇಲಿನ ಮಟ್ಟದಲ್ಲೂ ಜಗ್ಗಾಟ ನಡೀತಾನೇ ಇದೆ. ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಖಾಸಗಿ ಎಫ್‌ಎಂ, ಸಮುದಾಯ ರೇಡಿಯೋ ಎರಡಕ್ಕೂ ಸುದ್ದಿ ಮಾಡೋಕೆ ಬಿಡಿ ಅಂತ ಕೇಳ್ತು, ಕೋರ್ಟ್ ಸರ್ಕಾರದ ಉತ್ತರ ಕೇಳ್ತು. 2023ರ ಸೆಪ್ಟೆಂಬರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಖಾಸಗಿ ಎಫ್‌ಎಂಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಕೊಡೋಕೆ ಬಿಡಿ ಅಂತ ಶಿಫಾರಸು ಮಾಡ್ತು. ಆ ಶಿಫಾರಸು ಇದ್ದದ್ದು ಸಿಟಿಗಳ ಖಾಸಗಿ ಎಫ್‌ಎಂ ಬಗ್ಗೆ. ಸಿಟಿ ಎಫ್‌ಎಂಗೆ ಸಿಗಲಿ, ಸಂತೋಷ, ಆದ್ರೆ ಬೆಂಗಳೂರಲ್ಲಿ ಸುದ್ದಿಗೆ ಬರ ಇಲ್ಲ, ಬರ ಇರೋದು ನೂರು ವಾಟ್ ರೇಡಿಯೋ ಕೇಳೋ ಹಳ್ಳೀಲಿ. ನಾನು ರಾಜಕೀಯ ಚರ್ಚೆ ಕೇಳ್ತಾ ಇಲ್ಲ, ಚುನಾವಣೆ ಟೈಮಲ್ಲಿ ಸಣ್ಣ ರೇಡಿಯೋನ ಯಾರಾದ್ರೂ ಕಬ್ಜಾ ಮಾಡ್ಕೊಳ್ಳಬಹುದು ಅನ್ನೋ ಭಯ ನನಗೂ ಇದೆ. ನಾನು ಕೇಳೋದು ಆ ಪಟ್ಟೀಲಿ ಒಂದೇ ಒಂದು ತಿದ್ದುಪಡಿ, ನೀರು ಕರೆಂಟು ಆರೋಗ್ಯದ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಹಾಗೆ, ಮತ್ತು ಸ್ಥಳೀಯರು ಕೇಳಿದ ಹಾಗೆ ಅಂತ ಸೇರಿಸಿ. ಕೇಳುಗರ ದನಿ ಹಾಕುವಾಗ ನಮ್ಮ ಮೇಡಂ ಕೈ ನಡುಗೋದು ಅಷ್ಟರಿಂದ ನಿಲ್ಲುತ್ತೆ.

ನಾನು ಈಗ ಆ ಕೆಲಸ ಬಿಟ್ಟಿದ್ದೀನಿ, ಬೇರೆ ಹುಡುಗಿ ಕೂತಿದ್ದಾಳೆ, ನನಗಿಂತ ಚೆನ್ನಾಗಿ ಮಾತಾಡ್ತಾಳೆ. ಊರಿಗೆ ಹೋದಾಗ ಡೇರಿ ಹತ್ರ ನಿಂತು ಕೇಳ್ತೀನಿ. ಏಳು ಇಪ್ಪತ್ತು ಆಗ್ತಿದ್ದ ಹಾಗೆ ಕ್ಯೂನಲ್ಲಿರೋರು ಮೊಬೈಲ್ ಸೌಂಡ್ ಜಾಸ್ತಿ ಮಾಡ್ತಾರೆ. ಆ ಅಣ್ಣ ಈಗ ಹೆದರಲ್ಲ, ಗಂಟಲು ಸರಿ ಮಾಡ್ಕೊಂಡು ಶುರು ಮಾಡ್ತಾರೆ: ಎಲ್ರಿಗೂ ನಮಸ್ಕಾರ, ಇವತ್ತು ಮೇಲಿನ ಬೀದಿ ವಾಲ್ವ್ ಏಳೂವರೆಗೆ ತೆಗೀತೀನಿ, ಕಾಲೋನಿಗೆ ಎಂಟಕ್ಕೆ, ಶಾಲೆ ಹಿಂದಿನ ಬೀದಿಯವರು ನಿನ್ನೆ ಕೇಳಿದ್ರಿ, ಅಲ್ಲಿ ಪೈಪ್ ಲೀಕ್ ಇದೆ, ಇವತ್ತು ಅಗೀತೀವಿ, ಸಾಯಂಕಾಲ ತನಕ ಟೈಮ್ ಕೊಡಿ.